ತೊಂದರೆ ಕೊಡುತ್ತಿದ್ದ ಬೆಕ್ಕು ಸತ್ತಾಗ ದುಃಖದ ಜೊತೆ ನಿರಾಳವೂ ಆಯಿತು: ನಿಮಗೂ ಹೀಗಾಗಿತ್ತೆ?

ಪ್ರಶ್ನೆ, ಮೈಸೂರಿನಿಂದ

ನಮ್ಮ ಮನೆಯ ಬೆಕ್ಕು ಚಿನ್ನಿ ತೀರಿಕೊಂಡು ಇಂದಿಗೆ 23 ದಿನಗಳಾದವು. 12 ವರ್ಷಗಳ ಹಿಂದೆ ಒಂದು ಮಳೆಯ ರಾತ್ರಿ ಮೋರಿಯೊಳಗಿಂದ ಎತ್ತಿ ತಂದ ಮರಿ ಅದು. ತಂದ ದಿನದಿಂದ ಕೊನೆಯ ದಿನದವರೆಗೂ ಯಾರ ಮಡಿಲಲ್ಲೂ ಕೂರಲಿಲ್ಲ. ಅತ್ತೆಯವರನ್ನು ಹಲವು ಬಾರಿ ಪರಚಿತ್ತು, ಎರಡು ಬಾರಿ ಕಚ್ಚಿತ್ತು. ನೆಂಟರಲ್ಲಿ ಕೆಲವರು ಅದಕ್ಕೆ ಹೆದರಿ ಬರುವುದನ್ನೇ ಬಿಟ್ಟಿದ್ದರು. ಕೊನೆಯ 14 ತಿಂಗಳು ಅದಕ್ಕೆ ಮೂತ್ರಪಿಂಡದ ಕಾಯಿಲೆ. ದಿನ ಬಿಟ್ಟು ದಿನ ಟವೆಲ್ಲಿನಲ್ಲಿ ಸುತ್ತಿ ಹಿಡಿದು ಚರ್ಮದಡಿ ಸಲೈನ್ ಕೊಡುವುದು, ಒದ್ದೆಯಾದ ಹಾಸಿಗೆಗಳನ್ನು ಒಗೆದು ಒಣಗಿಸುವುದು, ನಸುಕಿನ ನಾಲ್ಕೂವರೆಗೆ ಅದರ ಕೂಗಿಗೆ ಏಳುವುದು, ಇವಿಷ್ಟೇ ನನ್ನ ದಿನಚರಿಯಾಗಿತ್ತು. ಅದು ಆಹಾರವನ್ನು ಪೂರ್ತಿ ಬಿಟ್ಟ ಮೇಲೆ ವೈದ್ಯರು ದಯಾಮರಣದ ಮಾತೆತ್ತಿದರು, ನಾವು ಒಪ್ಪಿದೆವು. ಆ ರಾತ್ರಿ ನಾನು ಎಂಟು ಗಂಟೆ ಎಚ್ಚರವಿಲ್ಲದೆ ಮಲಗಿದೆ. ಬೆಳಗ್ಗೆ ಎದ್ದಾಗ ಮೊದಲು ಮೂಡಿದ್ದು ದುಃಖವಲ್ಲ, ಹಗುರಾದ ಭಾವ. ಅದನ್ನು ನನ್ನ ಮುಖದಲ್ಲಿ ಕಂಡಳೋ ಏನೋ, ಹತ್ತು ವರ್ಷದ ಮಗಳು, "ಅಮ್ಮಾ, ಚಿನ್ನಿ ಹೋಗಿದ್ದು ನಿನಗೆ ಖುಷಿಯಾಯ್ತಾ?" ಎಂದು ಕೇಳಿಬಿಟ್ಟಳು. ಅವಳಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಇಂಥ ಬೆಕ್ಕನ್ನು ಸಾಕಿ ಕಳೆದುಕೊಂಡವರು ತಮಗೆ ಏನನ್ನಿಸಿತೆಂದು ಮುಚ್ಚುಮರೆಯಿಲ್ಲದೆ ಹೇಳಬೇಕೆಂದು ಕೋರುತ್ತೇನೆ.

ಸಾಗರದಿಂದ, ಒಬ್ಬ ನಿವೃತ್ತ ಶಿಕ್ಷಕರು

ತಂಗಿ, ನಮ್ಮ ತೋಟದ ಮನೆಯಲ್ಲಿ ಭೀಮನೆಂಬ ಮಾಳಬೆಕ್ಕು ಒಂಬತ್ತು ವರ್ಷ ಇತ್ತು. ಇತ್ತು ಎನ್ನುವುದಕ್ಕಿಂತ ಆಳಿತು ಎನ್ನುವುದು ಸರಿ. ಅಕ್ಕಿಮೂಟೆ, ಅಡಿಕೆ ಚೀಲ, ದೇವರ ಕೋಣೆಯ ಬಾಗಿಲು, ಯಾವುದನ್ನೂ ಬಿಡದೆ ಮೂತ್ರ ಸಿಂಪಡಿಸಿ ಗುರುತು ಹಾಕುತ್ತಿತ್ತು. ಜಗಲಿಯಲ್ಲಿ ನಡೆಯುವವರ ಹಿಮ್ಮಡಿಗೆ ಹೊಂಚುಹಾಕಿ ಹಾರುತ್ತಿತ್ತು. ಒಮ್ಮೆ ನನ್ನ ಹೆಬ್ಬೆರಳಿನ ಬುಡಕ್ಕೆ ಕಚ್ಚಿದಾಗ ಹೊರಗೆ ಕಂಡದ್ದು ಎರಡು ಸಣ್ಣ ಚುಕ್ಕೆ ಮಾತ್ರ, ಆದರೆ ಮರುದಿನ ಬೆಳಗಾಗುವಷ್ಟರಲ್ಲಿ ಅಂಗೈ ಊದಿಕೊಂಡು ಬೆರಳು ಮಡಚಲಾಗದೆ, ಗಾಯಕ್ಕೆ ಆಂಟಿಬಯಾಟಿಕ್ ಮಾತ್ರೆಯನ್ನೂ ರೇಬೀಸ್ ತಡೆಯಲು ಮೊದಲ ದಿನ ಒಂದು, ಅಲ್ಲಿಂದ 3, 7, 14 ಮತ್ತು 28 ದಿನಗಳಿಗೆ ಒಂದೊಂದರಂತೆ ಒಟ್ಟು ಐದು ಚುಚ್ಚುಮದ್ದನ್ನೂ ತೆಗೆದುಕೊಳ್ಳಬೇಕಾಯಿತು. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿದು ಸೋಂಕನ್ನು ಒಳಗೆ ಬಿಟ್ಟು ಬರುತ್ತದೆ ಎಂದು ನಮ್ಮ ವೈದ್ಯರು ಅಂದು ಹೇಳಿದರು. ಅಲ್ಲಿಯವರೆಗೆ ನಾನು ಅದಕ್ಕೆ ಅರಿಶಿನ ಹಚ್ಚಿದರೆ ಸಾಕೆಂದುಕೊಂಡಿದ್ದೆ.

ಭೀಮ ಸತ್ತದ್ದು ಮೂತ್ರ ಕಟ್ಟಿಕೊಂಡು. ಒಂದು ಸಂಜೆ ಅದು ಬೂದಿಗುಂಡಿಗೆ ಹೋಗಿ ಕೂತು, ಎದ್ದು, ಮತ್ತೆ ಹೋಗಿ ಕೂತು ತಿಣುಕುತ್ತಿತ್ತು. ನಾನು ಮಲಬದ್ಧತೆ ಎಂದುಕೊಂಡೆ. ಮುಟ್ಟಲು ಹೋದಾಗ ಕೂಗಿ ಪರಚಿದ್ದರಿಂದ, ಇದರದು ಯಾವತ್ತೂ ಇದ್ದದ್ದೇ ಎಂದು ಬೈದು ಮಲಗಿದೆ. ಗಂಡು ಬೆಕ್ಕಿನ ಮೂತ್ರನಾಳ ತೀರ ಕಿರಿದು. ಹರಳಿನ ಪುಡಿಯೂ ಲೋಳೆಯೂ ಸೇರಿ ಬಿರಡೆಯಂತೆ ಅದನ್ನು ಮುಚ್ಚಿದರೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನಗಳಲ್ಲೇ ಹೃದಯ ನಿಲ್ಲಬಹುದು ಎಂಬುದು ನನಗೆ ತಿಳಿದದ್ದು ಎರಡನೆಯ ದಿನ ಮಧ್ಯಾಹ್ನ, ಅದು ವಾಂತಿ ಮಾಡಿಕೊಂಡು ಬಿದ್ದ ಮೇಲೆ. ಪಶುವೈದ್ಯರು ನಳಿಕೆ ಹಾಕಿ ಮೂತ್ರ ತೆಗೆದರು, ಉಳಿಯಲಿಲ್ಲ.

ಅದನ್ನು ಹಲಸಿನ ಮರದ ಬುಡದಲ್ಲಿ ಹೂಳಿ ಬಂದು ಕೈಕಾಲು ತೊಳೆಯುವಾಗ, ಇನ್ನು ಮುಂದೆ ಅಕ್ಕಿಮೂಟೆಗೆ ಪ್ಲಾಸ್ಟಿಕ್ ಹೊದಿಸಬೇಕಿಲ್ಲ ಎಂಬ ಯೋಚನೆ ತಾನಾಗಿ ಬಂತು. ಆ ಯೋಚನೆ ಬಂದ ಕ್ಷಣದಿಂದ ನಾನು ನನ್ನನ್ನು ಕ್ಷಮಿಸಲಿಲ್ಲ. ಸುಮಾರು ಆರು ತಿಂಗಳು ಕಳೆದ ಮೇಲೆ ನನ್ನ ಹೆಂಡತಿ ಹೇಳಿದ ಒಂದು ಮಾತಿನಿಂದ ಗಂಟು ಸ್ವಲ್ಪ ಸಡಿಲವಾಯಿತು. "ನೀವು ಎರಡು ಬೇರೆ ಬೇರೆ ವಿಷಯವನ್ನು ಒಂದೇ ಹಗ್ಗದಲ್ಲಿ ಕಟ್ಟಿಕೊಂಡಿದ್ದೀರಿ," ಎಂದಳು. ಹಗುರಾದದ್ದು ಒಂದು, ಒಂದು ದಿನ ತಡಮಾಡಿದ್ದು ಇನ್ನೊಂದು. ಒಂಬತ್ತು ವರ್ಷ ಹೊತ್ತ ಹೊರೆ ಇಳಿದಾಗ ಹೆಗಲಿಗೆ ಹಗುರಾಗುವುದು ತಪ್ಪಲ್ಲ, ಅದಕ್ಕೆ ಯಾರ ಕ್ಷಮೆಯೂ ಬೇಕಿಲ್ಲ. ತಡಮಾಡಿದ್ದು ಮಾತ್ರ ತಪ್ಪೇ. ಗೊತ್ತಿಲ್ಲದೆ ಆದದ್ದಾದರೂ ತಪ್ಪೇ. ಹಾಗೆಯೇ, ಮರಿಯಾಗಿದ್ದಾಗಲೇ ಬೀಜ ತೆಗೆಸಿದ್ದರೆ ಗುರುತು ಹಾಕುವ ಚಾಳಿ ಬಹುಮಟ್ಟಿಗೆ ಇರುತ್ತಿರಲಿಲ್ಲ ಎಂಬುದನ್ನು ಆಮೇಲೆ ತಿಳಿದೆ. ಪಾಪ ಎಂದು ನಾನೇ ಬೇಡವೆಂದಿದ್ದೆ. ಈಗಿರುವ ಬೆಕ್ಕಿಗೆ ಅದನ್ನು ಮಾಡಿಸಿದ್ದೇನೆ, ಮತ್ತು ಅದು ಮೂತ್ರಕ್ಕೆ ಹೋಗುವುದನ್ನು ದಿನವೂ ಗಮನಿಸುತ್ತೇನೆ. ನಿಮ್ಮ ಬರಹದಲ್ಲಿ ಮೊದಲನೆಯದಷ್ಟೇ ಕಾಣುತ್ತಿದೆ, ತಂಗಿ. ಎರಡನೆಯದು ಎಲ್ಲಿದೆ ಎಂದು ಹುಡುಕಿದರೂ ನನಗೆ ಸಿಕ್ಕಲಿಲ್ಲ.

ಇನ್ನೊಂದು ಮಾತು. ಸತ್ತ ಮೇಲೆ ಭೀಮನನ್ನು ಎಲ್ಲರೂ ಸಾಧು ಮಾಡಿಬಿಟ್ಟರು. ಪಕ್ಕದ ಮನೆಯವರು ಬಂದು, ಎಷ್ಟು ಒಳ್ಳೆಯ ಬೆಕ್ಕು ಎಂದರು. ಅವರ ಕೋಳಿಮರಿಗಳ ಲೆಕ್ಕ ನನ್ನ ಬಳಿ ಇತ್ತು. ಆ ಹೊಗಳಿಕೆಯಿಂದ ನನ್ನ ಸಂಕಟ ಹೆಚ್ಚಿತೇ ಹೊರತು ಇಳಿಯಲಿಲ್ಲ, ಏಕೆಂದರೆ ಅವರು ಹೇಳುತ್ತಿದ್ದ ಬೆಕ್ಕು ನಮ್ಮದಾಗಿರಲಿಲ್ಲ.

ಧಾರವಾಡದಿಂದ, ಒಬ್ಬ ಪಶುವೈದ್ಯರು

ಚಿಕಿತ್ಸಾಲಯದಲ್ಲಿ ನಾನು ಮೇಲಿಂದ ಮೇಲೆ ಕೇಳುವ ಪ್ರಶ್ನೆ, "ಇನ್ನೆಷ್ಟು ದಿನ ಆಗಬಹುದ್ರೀ ಸರ್?" ಎಂಬುದು. ಕೇಳುವವರಲ್ಲಿ ಅರ್ಧ ಜನ ಹೆಚ್ಚು ದಿನ ಬದುಕಲಿ ಎಂದು ಕೇಳುತ್ತಾರೆ, ಉಳಿದರ್ಧ ಜನ ತಾವು ಇನ್ನೆಷ್ಟು ದಿನ ತಡೆಯಬೇಕು ಎಂದು ಕೇಳುತ್ತಾರೆ. ಹಲವು ಸಲ ಇಬ್ಬರೂ ಒಬ್ಬರೇ ಆಗಿರುತ್ತಾರೆ. ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಮೇರಿ ಬೆತ್ ಸ್ಪಿಟ್ಸ್‌ನೇಗಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದೀರ್ಘಕಾಲದ ಕಾಯಿಲೆಯಿರುವ ನಾಯಿ ಬೆಕ್ಕುಗಳನ್ನು ನೋಡಿಕೊಳ್ಳುವವರಲ್ಲಿ ಆರೈಕೆಯ ಹೊರೆ, ಒತ್ತಡ ಮತ್ತು ಖಿನ್ನತೆಯ ಲಕ್ಷಣಗಳು ಆರೋಗ್ಯವಂತ ಪ್ರಾಣಿಗಳ ಒಡೆಯರಿಗಿಂತ ಹೆಚ್ಚಾಗಿರುವುದು ಕಂಡುಬಂದಿತ್ತು. ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರಿಗೆ ಆಗುವ ದಣಿವಿನ ಜಾತಿಯದೇ ಇದು. ಮನುಷ್ಯರ ವಿಷಯದಲ್ಲಾದರೆ, ಪಾಪ, ಬಹಳ ಮಾಡಿದಳು ಎಂದು ನಾಲ್ಕು ಜನ ಹೇಳುತ್ತಾರೆ. ಬೆಕ್ಕಿನ ವಿಷಯದಲ್ಲಿ ಹಾಗೆ ಹೇಳುವವರು ಇರುವುದಿಲ್ಲ. ಸಮಾಜ ಲೆಕ್ಕಕ್ಕೆ ಹಿಡಿಯದ ಇಂಥ ದುಃಖಗಳಿಗೆ ಕೆನೆತ್ ಡೋಕಾ ಎಂಬ ವಿದ್ವಾಂಸರು 1980ರ ದಶಕದಲ್ಲೇ ಒಂದು ಹೆಸರು ಕೊಟ್ಟಿದ್ದಾರೆ. ಮಾನ್ಯತೆ ಸಿಗದ ದುಃಖ ಎಂದು ನಾವು ಅದನ್ನು ಕರೆಯಬಹುದು.

ಚಿನ್ನಿಯ ಸ್ವಭಾವದ ಬಗ್ಗೆ ಒಂದೆರಡು ಮಾತು. ಬೆಕ್ಕಿನ ಮರಿ ಹುಟ್ಟಿದ ಎರಡನೆಯ ವಾರದಿಂದ ಸುಮಾರು ಏಳನೆಯ ವಾರದೊಳಗೆ ಮನುಷ್ಯರ ಕೈ, ವಾಸನೆ, ಸದ್ದುಗಳಿಗೆ ಹೊಂದಿಕೊಳ್ಳಬೇಕು. ಆ ಅವಧಿಯನ್ನು ಮೋರಿಯಲ್ಲಿ, ಹೆದರಿಕೆಯಲ್ಲಿ ಕಳೆದ ಮರಿಗೆ ಆಮೇಲೆ ಎಷ್ಟು ಪ್ರೀತಿ ಸುರಿದರೂ ಕೆಲವೊಮ್ಮೆ ಆ ಭಯ ಪೂರ್ತಿ ಹೋಗುವುದಿಲ್ಲ. ಅದು ಮಡಿಲಿಗೆ ಬರಲಿಲ್ಲವೆಂದರೆ ನಿಮ್ಮನ್ನು ದ್ವೇಷಿಸಿತೆಂದಲ್ಲ. ಹಾಸಿಗೆಯ ಮೇಲೆ ಮೂತ್ರ ಮಾಡಿದ್ದೂ ಹಗೆಯಿಂದಲ್ಲ; ಮೂತ್ರಪಿಂಡ ಸೋತಾಗ ಮೂತ್ರವನ್ನು ಗಟ್ಟಿಗೊಳಿಸುವ ಶಕ್ತಿ ಹೋಗುತ್ತದೆ, ನೀರು ಹೆಚ್ಚು ಕುಡಿಯುತ್ತದೆ, ಮೂತ್ರ ಹೆಚ್ಚಾಗುತ್ತದೆ, ಮುದಿ ಕೀಲುಗಳ ನೋವಿಗೆ ಮರಳಿನ ತಟ್ಟೆಯ ಅಂಚು ದಾಟುವುದಕ್ಕಿಂತ ಹತ್ತಿರದ ಮೆತ್ತನೆಯ ಜಾಗವೇ ಸುಲಭವಾಗುತ್ತದೆ. ಮೊದಲೇ ಗಮನಿಸಬೇಕಿತ್ತೇನೋ ಎಂಬ ಸಂದೇಹ ನಿಮಗೆ ಮುಂದೊಂದು ದಿನ ಬಂದೀತು, ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ: ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಲ್ಮಶ ರಕ್ತದಲ್ಲಿ ಏರುವ ಹೊತ್ತಿಗೆ ಮೂತ್ರಪಿಂಡಗಳ ಶಕ್ತಿಯ ಸುಮಾರು ಮುಕ್ಕಾಲು ಪಾಲು ಹೋಗಿರುತ್ತದೆ, ಮತ್ತು ಬೆಕ್ಕು ಅಲ್ಲಿಯವರೆಗೆ ಏನನ್ನೂ ತೋರಿಸಿಕೊಳ್ಳದಿರುವುದೇ ಹೆಚ್ಚು. ಒಪ್ಪದ ಬೆಕ್ಕಿಗೆ 14 ತಿಂಗಳು ಸೂಜಿ ಚುಚ್ಚಿ ಸಲೈನ್ ಕೊಟ್ಟ ಮನೆಗಳನ್ನು ನಾನು ಬಹಳ ಕಂಡಿಲ್ಲ.

ಬೆಕ್ಕು ಕೊಂದ ಪಾಪಕ್ಕೆ ಚಿನ್ನದ ಬೆಕ್ಕು ದಾನ ಕೊಡಬೇಕೆಂಬ ಮಾತನ್ನು ನಮ್ಮ ಕಡೆಯ ಹಿರಿಯರು ಇಂದಿಗೂ ಆಡುತ್ತಾರೆ. ದಯಾಮರಣಕ್ಕೆ ಸಹಿ ಹಾಕಿದವರಲ್ಲಿ ಇಬ್ಬರು ನನ್ನೆದುರಿಗೇ ಇದನ್ನು ನೆನೆದು ಅತ್ತಿದ್ದಾರೆ. ನಾವು ಕೊಡುವುದು ಅರಿವಳಿಕೆಯ ಮದ್ದನ್ನೇ, ಅಳತೆ ಮೀರಿಸಿ. ಪ್ರಜ್ಞೆ ಮೊದಲು ಹೋಗುತ್ತದೆ, ಉಸಿರೂ ಹೃದಯವೂ ಆಮೇಲೆ ನಿಲ್ಲುತ್ತವೆ. ಕಣ್ಣು ತೆರೆದೇ ಇರುವುದನ್ನು ಕಂಡು ಹಲವರು ನೋವಾಯಿತೆಂದು ಭಾವಿಸುತ್ತಾರೆ, ಹಾಗಲ್ಲ. ಇನ್ನೊಂದು ಬೆಕ್ಕು ತರುವ ಮಾತು ನಿಮ್ಮ ಮನೆಯಲ್ಲಿ ಎದ್ದರೆ, ಮೂತ್ರಪಿಂಡದ ಕಾಯಿಲೆ ಅಂಟುವಂಥದ್ದಲ್ಲವಾದ್ದರಿಂದ ಆ ಕಾರಣಕ್ಕೆ ಕಾಯಬೇಕಿಲ್ಲ; ನಿಮ್ಮ ನಿದ್ದೆಯ ಬಾಕಿ ತೀರುವವರೆಗೆ ಕಾಯಿರಿ.

ಮಂಗಳೂರಿನಿಂದ

ಇಲ್ಲಿ ಎಲ್ಲರೂ ದುಃಖಪಟ್ಟವರೇ ಬರೆದಿರುವುದರಿಂದ ನನ್ನದನ್ನೂ ಹೇಳಬೇಕೆನಿಸಿತು: ನಾನು ದುಃಖಪಡಲಿಲ್ಲ. ಬೆಕ್ಕು ನನ್ನ ಗಂಡನದು, ಮದುವೆಗೆ ಮೊದಲಿನದು. ಅವರ ಹತ್ತಿರ ಬೆಣ್ಣೆಯಂತಿದ್ದು, ನನ್ನನ್ನು ಕಂಡರೆ ಬೆನ್ನುಗೂದಲು ನಿಮಿರಿಸುತ್ತಿತ್ತು. ಏಳು ವರ್ಷ ಅದಕ್ಕೆ ಬೂತಾಯಿ ಮೀನು ಬೇಯಿಸಿ ಮುಳ್ಳು ಬಿಡಿಸಿ ಹಾಕಿದವಳು ನಾನು, ಪರಚಿಸಿಕೊಂಡವಳೂ ನಾನೇ. ಅದು ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ದಿನ ಸಂಜೆ, "ಇನ್ನು ಸೋಫಾ ಬದಲಾಯಿಸಬಹುದು," ಎಂದುಬಿಟ್ಟೆ. ನನ್ನ ಗಂಡ ನಾಲ್ಕು ದಿನ ಮಾತಾಡಲಿಲ್ಲ. ನನಗೆ ಅನ್ನಿಸಿದ್ದು ತಪ್ಪೆಂದು ಇವತ್ತಿಗೂ ಒಪ್ಪುವುದಿಲ್ಲ, ಆದರೆ ಹೇಳಿದ ಹೊತ್ತು ಮತ್ತು ಹೇಳಿದ ಜನ ತಪ್ಪಾಗಿದ್ದರು. ಹಗುರಾದದ್ದನ್ನು ಹೇಳಿಕೊಳ್ಳಲೇಬೇಕಿದ್ದರೆ ಆ ಪ್ರಾಣಿಯನ್ನು ಅಷ್ಟೊಂದು ಹಚ್ಚಿಕೊಳ್ಳದ ಯಾರ ಬಳಿಯಾದರೂ ಹೇಳಿಕೊಳ್ಳಿ; ನಾನು ಆಮೇಲೆ ನನ್ನ ಅಕ್ಕನಿಗೆ ಹೇಳಿ ನಕ್ಕೆ. ಮೀನಿನ ಹೆಂಗಸು ಮಾತ್ರ ಈಗಲೂ ಬುಟ್ಟಿ ಇಳಿಸಿದೊಡನೆ ಬೆಕ್ಕಿಗೆಂದು ಸಣ್ಣ ಬೂತಾಯಿಗಳನ್ನು ಬೇರೆ ತೆಗೆದಿಡುತ್ತಾರೆ. ಬೆಕ್ಕಿಲ್ಲವೆಂದು ಅವರಿಗೆ ನಾನಿನ್ನೂ ಹೇಳಿಲ್ಲ, ಏಕೆಂದು ನನಗೂ ಗೊತ್ತಿಲ್ಲ.

ಬೆಂಗಳೂರಿನಿಂದ

ನನ್ನ ಅನುಭವ ಸ್ವಲ್ಪ ಬೇರೆ, ಏಕೆಂದರೆ ನಮ್ಮಲ್ಲಿ ಎರಡು ಬೆಕ್ಕುಗಳಿದ್ದವು. ದೊಡ್ಡದಾದ ರಾಣಿ ಚಿಕ್ಕದನ್ನು ನೆಲಕ್ಕಿಳಿಯಲು ಬಿಡುತ್ತಿರಲಿಲ್ಲ. ನಾಲ್ಕು ವರ್ಷ ಅದು ಬೀರುವಿನ ಮೇಲೆಯೇ ಬದುಕಿತು, ಊಟವನ್ನೂ ಅಲ್ಲಿಗೇ ಇಡುತ್ತಿದ್ದೆವು. ಎರಡು ಬೆಕ್ಕಿದ್ದರೆ ಮರಳಿನ ತಟ್ಟೆ ಮೂರಿರಬೇಕು, ಊಟದ ಜಾಗ ಬೇರೆ ಬೇರೆ ಇರಬೇಕು ಎಂಬುದನ್ನೆಲ್ಲ ಮಾಡಿ ನೋಡಿದೆವು; ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅದಕ್ಕೊಂದು ಮಿತಿಯಿದೆ. ರಾಣಿ ಕ್ಯಾನ್ಸರಿನಿಂದ ಸತ್ತ ಮೂರನೆಯ ದಿನ ಚಿಕ್ಕದು ಕೆಳಗಿಳಿದು, ಮನೆಯ ಮೂಲೆಮೂಲೆಯನ್ನು ಮೂಸಿ, ರಾಣಿ ಮಲಗುತ್ತಿದ್ದ ಕಿಟಕಿಯ ದಿಂಬಿನ ಮೇಲೆ ಹೊಟ್ಟೆ ಮೇಲೆ ಮಾಡಿ ಮಲಗಿತು. ಅದು ಹಾಗೆ ಮಲಗಿದ್ದನ್ನು ನಾನು ಅದುವರೆಗೆ ಒಮ್ಮೆಯೂ ನೋಡಿರಲಿಲ್ಲ. ಸಂತೋಷಪಡಬೇಕಿತ್ತು, ನನಗೆ ಆ ಬೆಕ್ಕಿನ ಮೇಲೆ ಸಿಟ್ಟು ಬಂತು. ಅಷ್ಟು ಬೇಗ ಸುಖವಾಗಿರಲು ಅದಕ್ಕೆ ಹೇಗೆ ಮನಸ್ಸು ಬಂತು ಎಂದು! ಅದರ ಮೇಲಿನ ಸಿಟ್ಟೆಲ್ಲ ನನ್ನ ಮೇಲಿನದೇ ಎಂದು ತಿಳಿಯಲು ಎರಡು ವಾರ ಹಿಡಿಯಿತು, ಏಕೆಂದರೆ ಅಷ್ಟರಲ್ಲಿ ನಾನೂ ಆ ಕಿಟಕಿಯ ಬಳಿ ಕಾಫಿ ಹಿಡಿದು ಕೂರತೊಡಗಿದ್ದೆ. ರಾಣಿ ಇದ್ದಾಗ ನನಗೂ ಅಲ್ಲಿ ಜಾಗವಿರಲಿಲ್ಲ.

ಮತ್ತೆ ಮೈಸೂರಿನಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ಸಾಗರದ ಮೇಷ್ಟ್ರು ಹೇಳಿದ ಎರಡನೆಯದನ್ನು ನಾನೂ ಎರಡು ದಿನ ಹುಡುಕಿದೆ. ಒಂದು ಸಲ ಸೂಜಿ ಚುಚ್ಚುವಾಗ ಸಹನೆಗೆಟ್ಟು ಅದನ್ನು ಒರಟಾಗಿ ಅದುಮಿ ಹಿಡಿದದ್ದು ನೆನಪಾಯಿತು, ಅದು ನನ್ನ ತಪ್ಪೆಂದು ಇಟ್ಟುಕೊಳ್ಳುತ್ತೇನೆ. ಉಳಿದಿದ್ದ ಆರು ಸಲೈನ್ ಬಾಟಲಿಗಳನ್ನು ಸೀಲು ಒಡೆಯದೆ ಇದ್ದುದರಿಂದ ವೈದ್ಯರಿಗೇ ಒಪ್ಪಿಸಿ ಬಂದೆ.

ನಿನ್ನೆ ರಾತ್ರಿ ಊಟವಾದ ಮೇಲೆ ಮಗಳಿಗೆ ಉತ್ತರ ಕೊಟ್ಟೆ. ಚಿನ್ನಿ ಹೋದದ್ದಕ್ಕೆ ಬೇಸರವಾಗಿದೆ, ಸಲೈನು, ಒದ್ದೆ ಹಾಸಿಗೆ, ಪರಚುವಿಕೆ ಹೋದದ್ದಕ್ಕೆ ಖುಷಿಯಾಗಿದೆ, ಎರಡೂ ನಿಜ ಎಂದೆ. ಅವಳು ತುಸು ಹೊತ್ತು ಸುಮ್ಮನಿದ್ದು, ತನಗೂ ಖುಷಿಯಾಗಿತ್ತೆಂದೂ, ಹೇಳಿದರೆ ನಾನು ಬೈಯುವೆನೆಂದು ನನ್ನನ್ನೇ ಮೊದಲು ಕೇಳಿದ್ದಾಗಿಯೂ ಒಪ್ಪಿಕೊಂಡಳು. ಆಮೇಲೆ ತನ್ನ ಮುಂಗೈ ಮೇಲಿದ್ದ ಚಿನ್ನಿಯ ಮೂರು ಗೆರೆಗಳನ್ನು ತೋರಿಸಿ, ನಿನ್ನದು ಎಷ್ಟು ಎಂದಳು. ನಾನು ಐದು ಎಣಿಸಿದೆ. ಟಿ.ವಿ. ನೋಡುತ್ತಿದ್ದ ಅತ್ತೆಯವರು ಕನ್ನಡಕ ಸರಿಪಡಿಸಿಕೊಂಡು, ಸೆರಗು ಸರಿಸಿ ತೋಳು ಚಾಚಿ, "ಇಲ್ಲಿ ನೋಡಿ, ನನಗೇ ಜಾಸ್ತಿ ಕೊಟ್ಟಿದ್ದಾಳೆ," ಎಂದರು.