ಸಹಾಯ ಬೇಕು: ಮಗಳಿಗೂ ನನಗೂ ಒಟ್ಟಿಗೇ ಹಲ್ಲಿಗೆ ಕ್ಲಿಪ್!

ನಮಸ್ಕಾರ. ನಾವು ಹುಬ್ಬಳ್ಳಿಯವರು. ಮಗಳಿಗೆ 9 ವರ್ಷ, ನನಗೆ 41. ಇಬ್ಬರಿಗೂ ಕ್ಲಿಪ್ ಬೇಕು ಅಂತ ಡಾಕ್ಟರ್ ಹೇಳಿದ್ದಾರೆ.

ಮಗಳು ಬಾಯಿ ಮುಚ್ಚಿದರೆ ಬಲಗಡೆ ಮೇಲಿನ ಹಲ್ಲುಗಳು ಕೆಳಗಿನವುಗಳ ಒಳಗೆ ಹೋಗಿ ಕೂರುತ್ತವೆ. ಗದ್ದವೂ ಸ್ವಲ್ಪ ಬಲಕ್ಕೆ ಸರಿಯುತ್ತದೆ. ಈಗಲೇ ಎಕ್ಸ್‌ಪ್ಯಾಂಡರ್ ಹಾಕಿ ಅಂಗುಳ ಅಗಲ ಮಾಡಿಸಿ, ನಡುವಿನ ಮೂಳೆ ಬೆಸೆದುಕೊಂಡ ಮೇಲೆ ಕಷ್ಟ ಅಂದರು. ಅತ್ತೆ ಮಾತ್ರ, 'ಹಾಲುಹಲ್ಲೆಲ್ಲ ಬೀಳಲಿ, ಅವಸರ ಯಾಕೆ' ಅಂತಾರೆ. ನನಗೆ ಡಾಕ್ಟರ್ ಮಾತೇ ಸರಿ ಅನ್ನಿಸುತ್ತದೆ. ಎಕ್ಸ್‌ಪ್ಯಾಂಡರ್‌ನ ತಿರುಪನ್ನು ಪುಟ್ಟ ಕೀಲಿಯಿಂದ ಮನೆಯಲ್ಲೇ ತಿರುಗಿಸಬೇಕಂತೆ. ಆಗ ಮಕ್ಕಳಿಗೆ ನೋವಾಗುತ್ತಾ? ಮಾತು ತೊದಲುವುದು ಎಷ್ಟು ದಿನ ಇರುತ್ತದೆ?

ನನ್ನದು ಬೇರೆ ಕಥೆ. ಮುಂದಿನ ಹಲ್ಲುಗಳ ನಡುವೆ ಈಚೆಗೆ ಸಂದು ಬಿದ್ದಿದೆ, ಬ್ರಷ್ ಮಾಡಿದರೆ ಒಸಡಿನಿಂದ ರಕ್ತ. ವಯಸ್ಸು ಅಡ್ಡಿಯಿಲ್ಲ, ಆದರೆ ಮೊದಲು ಒಸಡು ಸರಿಹೋಗಬೇಕು, ಆಮೇಲೇ ಕ್ಲಿಪ್ ಅಂದರು. ಕಣ್ಣಿಗೆ ಕಾಣದ ಅಲೈನರ್ (ಹಲ್ಲಿನ ಮೇಲೆ ಹಾಕಿ ತೆಗೆಯುವ ಪಾರದರ್ಶಕ ಪ್ಲಾಸ್ಟಿಕ್ ಕವಚ) ಮೇಲೆ ಆಸೆ ಇದೆ. ಆದರೆ ದಿನಕ್ಕೆ 20-22 ಗಂಟೆ ಹಾಕಿರಬೇಕು, ಚಹಾ ಕುಡಿಯುವಾಗಲೂ ತೆಗೆಯಬೇಕು. ನಮ್ಮ ಆಫೀಸಿನ ಚಹಾ ಲೆಕ್ಕದಲ್ಲಿ ಅದು ಆಗೋ ಮಾತಲ್ಲ ಬಿಡಿ.

ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಲ್ಲಿ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ನೋಡುತ್ತಿದ್ದ ಪಿಜಿ ವಿದ್ಯಾರ್ಥಿ ಕೋರ್ಸ್ ಮುಗಿಸಿ ಹೋದರೆ ಕೇಸ್ ಯಾರ ಕೈಗೆ ಹೋಗುತ್ತದೆ? ನಲವತ್ತು ದಾಟಿದ ಮೇಲೆ ಹಾಕಿಸಿಕೊಂಡವರು, ಕ್ಲಿಪ್ ತೆಗೆದ ಮೇಲೆ ಹಲ್ಲು ಮತ್ತೆ ಸರಿಯದಂತೆ ಹಾಕುವ ರಿಟೇನರ್ ಈಗಲೂ ರಾತ್ರಿ ಹಾಕ್ತೀರಾ? ಕಡಕ್ ರೊಟ್ಟಿ ಸುಮ್ನೆ ಮರೆತುಬಿಡಬೇಕಾ ಅನ್ನೋದನ್ನೂ ಹೇಳಿಬಿಡಿ.