ಸಹಾಯ ಬೇಕು: ಪ್ಲಾಸ್ಮಾ ಹಾಯಿಸಿದ ಹಾಳೆಯ ಗುಣ ಎರಡೇ ವಾರದಲ್ಲಿ ಇಳಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿರುವ ನಾನು, ಮೆಕ್ಕೆಜೋಳ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗಿಸಿ ಪಡೆಯುವ ಲ್ಯಾಕ್ಟಿಕ್ ಆಮ್ಲದಿಂದ ತಯಾರಾಗುವ ಪಿಎಲ್‌ಎ ಎಂಬ ಪಾಲಿಮರ್‌ನ ತೆಳು ಹಾಳೆಗಳನ್ನು ಗಾಯದ ಪಟ್ಟಿಗೆ ಒಗ್ಗಿಸಲು ಪ್ರಯತ್ನಿಸುತ್ತಿದ್ದೇನೆ.

ಕೆಸುವಿನೆಲೆಯ ಮೇಲಿನಂತೆ ಉರುಳಿಹೋಗದಿದ್ದರೂ, ನೀರಿನ ಹನಿ ಈ ಹಾಳೆಯ ಮೇಲೆ ಗುಬ್ಬಟೆಯಾಗಿಯೇ ಕೂರುತ್ತದೆ; ಜೀವಕೋಶಗಳೂ ಚೆನ್ನಾಗಿ ಅಂಟುವುದಿಲ್ಲ. ಆಮ್ಲಜನಕದ ಪ್ಲಾಸ್ಮಾಕ್ಕೆ (ರಕ್ತದ ಪ್ಲಾಸ್ಮಾ ಅಲ್ಲ, ವಿದ್ಯುತ್ ಹಾಯಿಸಿ ಅಯಾನುಗಳಾಗಿಸಿದ ಅನಿಲ) ಒಡ್ಡಿದಾಗ ಮೇಲ್ಮೈಯ ಕೆಲವೇ ನ್ಯಾನೊಮೀಟರ್ ಆಳದಲ್ಲಿ ನೀರನ್ನು ಬಯಸುವ ಹೈಡ್ರಾಕ್ಸಿಲ್, ಕಾರ್ಬಾಕ್ಸಿಲ್ ಎಂಬ ಪರಮಾಣು ಗುಂಪುಗಳು ಮೂಡುವುದರಿಂದ ಹನಿ ಹರಡಿಕೊಳ್ಳುತ್ತದೆ. ನಮ್ಮ ಅಳತೆಯಲ್ಲಿ ಸ್ಪರ್ಶಕೋನ (ಹನಿಯ ಅಂಚು ಹಾಳೆಯೊಂದಿಗೆ ಮಾಡುವ ಕೋನ; ಇದು ಕಿರಿದಾದಷ್ಟೂ ಹನಿ ಹೆಚ್ಚು ಹರಡಿದೆ ಎಂದರ್ಥ) 78 ಡಿಗ್ರಿಯಿಂದ 42ಕ್ಕೆ ಇಳಿದಿತ್ತು. ಆ ಹನಿ ಕಣ್ಣೆದುರೇ ಚಪ್ಪಟೆಯಾದುದನ್ನು ಕಂಡ ದಿನ ನನಗಾದ ಸಂತೋಷ ಹೇಳತೀರದು. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಕೋನ ಮತ್ತೆ 65ಕ್ಕೆ ಏರಿದೆ. ನೀರನ್ನು ಬಯಸುವ ಆ ಗುಂಪುಗಳು ಪಾಲಿಮರ್ ಸರಪಳಿಯೊಂದಿಗೆ ಒಳಮುಖವಾಗಿ ತಿರುಗಿಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣವೆಂದು ಬಲ್ಲೆ.

ತಂಪಿನಲ್ಲಿಟ್ಟರೆ ಈ ಬದಲಾವಣೆ ನಿಧಾನವಾಗುತ್ತದೆ, ನಿಜ. ಆದರೆ ಮಲೆನಾಡಿನ ಆಷಾಢದ ಥಂಡಿಯಲ್ಲಿ ಫ್ರಿಜ್‌ನಿಂದ ತೆಗೆದ ಕೂಡಲೇ ಹಾಳೆಯ ಮೇಲೆ ಬೆವರಿನಂತೆ ನೀರು ಕಟ್ಟುತ್ತದೆ, ಪಿಎಲ್‌ಎಯೋ ತೇವದಲ್ಲಿ ಕ್ರಮೇಣ ಒಡೆಯುವ ವಸ್ತು. ಹೀಗಿರುವಾಗ ಇದನ್ನು ಹೇಗೆ ಶೇಖರಿಸಬೇಕು? ಪ್ಲಾಸ್ಮಾ ಮುಗಿದ ತಕ್ಷಣ ಜೆಲಟಿನ್ ಅಥವಾ ಕೈಟೋಸಾನ್ (ಸೀಗಡಿ, ಏಡಿಗಳ ಚಿಪ್ಪಿನಿಂದ ಪಡೆಯುವ ವಸ್ತು) ಲೇಪಿಸಿ ಗುಣವನ್ನು ಹಿಡಿದಿಟ್ಟವರು ಯಾರಾದರೂ ಇದ್ದೀರಾ? ಪಿಎಲ್‌ಎ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುವುದರಿಂದ 121 ಡಿಗ್ರಿಯ ಹಬೆಯಿಂದ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವ್ ಬಳಸುವಂತಿಲ್ಲ. ಎಥಿಲೀನ್ ಆಕ್ಸೈಡ್‌ನಿಂದ ಕ್ರಿಮಿಶುದ್ಧಿ ಮಾಡಿದ ಬಳಿಕ ಲೇಪನ ಉಳಿಯಿತೇ ಎಂಬುದನ್ನೂ ಅನುಭವವುಳ್ಳವರು ದಯವಿಟ್ಟು ತಿಳಿಸಿ. ಮುಂದಿನ ಕಂತಿನ ಹಾಳೆಗಳನ್ನು ಇದೇ ತಿಂಗಳು ಸಿದ್ಧಪಡಿಸಬೇಕಾಗಿದೆ.