ಪಾರ್ಲರ್ ಕೆಲಸ ಗೊತ್ತು, ಬ್ಯೂಟಿ ಟೀಚರ್ ಆಗೋಕೆ ಏನು ಓದಬೇಕು?

ರಾಣೆಬೆನ್ನೂರು ಪಾರ್ಲರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ರಾಣೆಬೆನ್ನೂರಿನಲ್ಲಿ ಚಿಕ್ಕದೊಂದು ಪಾರ್ಲರ್ ನಡೆಸ್ತಿದ್ದೀನಿ. ಪಿಯುಸಿ ಆದಮೇಲೆ ಒಂದು ಖಾಸಗಿ ಅಕಾಡೆಮಿಯಲ್ಲಿ ಆರು ತಿಂಗಳ ಡಿಪ್ಲೊಮಾ ಮಾಡಿದೆ. ಕೆಲವು ವರ್ಷ ಬೇರೆಯವರ ಕೈಕೆಳಗೆ ಕೆಲಸ ಮಾಡಿ ಈಗ ಸ್ವಂತ ಅಂಗಡಿ ಹಾಕಿದ್ದೀನಿ. ಥ್ರೆಡಿಂಗ್, ವ್ಯಾಕ್ಸಿಂಗ್, ಫೇಶಿಯಲ್, ಮದುಮಗಳ ಮೇಕಪ್ ಎಲ್ಲ ಮಾಡ್ತೀನಿ. ಅಕ್ಕಪಕ್ಕದ ಹಳ್ಳಿ ಹುಡುಗಿಯರು ಕಲಿಯೋಕೆ ಬರ್ತಾರೆ. ನಿಜ ಹೇಳ್ಬೇಕಂದ್ರೆ ಗಿರಾಕಿ ಕೆಲಸಕ್ಕಿಂತ ಅವರಿಗೆ ಕಲಿಸೋದೇ ನನಗೆ ಹೆಚ್ಚು ಇಷ್ಟ.

ಈಚೆಗೆ ಒಂದು ತರಬೇತಿ ಕೇಂದ್ರದವರು ಟೀಚರ್ ಬೇಕು ಅಂತ ಕರೆದಿದ್ದರು. ನನ್ನ ಕೆಲಸ ನೋಡಿ ಒಪ್ಪಿದರು, ಸರ್ಟಿಫಿಕೇಟ್ ನೋಡಿ "ಇದು ನಡೆಯಲ್ಲ ಮೇಡಂ, ಟ್ರೇನರ್ ಸರ್ಟಿಫಿಕೇಟ್ ತನ್ನಿ" ಅಂದರು. ಅದನ್ನ ಎಲ್ಲಿ ತರೋದು ಅಂತ ಅವರಿಗೂ ಸರಿಯಾಗಿ ಹೇಳೋಕೆ ಆಗಲಿಲ್ಲ.

ನನಗೆ ಈಗ 31. ಮಗಳು ಎರಡನೇ ಕ್ಲಾಸು. ಬ್ಯೂಟಿ ಟೀಚರ್ ಆಗೋಕೆ ಸರಿಯಾದ ಓದು ಯಾವುದು? ಮತ್ತೆ ಮೊದಲಿಂದ ಶುರು ಮಾಡಬೇಕಾ? ಈ ದಾರೀಲಿ ಹೋದವರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ.

ತುಮಕೂರು ಐಟಿಐ ಬೋಧಕಿ ಉತ್ತರಿಸಿದ್ದು:

ನಾನು ಹೋದ ದಾರಿ ಅದೇ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ. ಪುರುಸೊತ್ತಾದಾಗ ಓದಿ.

ಮೊದಲು ನೀವು ಎಲ್ಲಿ ಕಲಿಸಬೇಕು ಅಂತಿದ್ದೀರಿ ಅನ್ನೋದು ತೀರ್ಮಾನ ಆಗಲಿ. ನಿಮ್ಮ ಪಾರ್ಲರ್ ಹಿಂದಿನ ಕೋಣೆಯಲ್ಲಿ ಕ್ಲಾಸ್ ನಡೆಸೋದಾದರೆ ಯಾರೂ ಬಂದು ನಿಮ್ಮ ಟೀಚಿಂಗ್ ಸರ್ಟಿಫಿಕೇಟ್ ಕೇಳಲ್ಲ. ಆದರೆ ನೀವು ಕೊಡೋ ಕಾಗದಕ್ಕೆ ನಿಮ್ಮ ಹುಡುಗಿಯರು ಹೊರಗೆ ಹೋದಾಗ ಬೆಲೆ ಇರಲ್ಲ. ನಿಮಗೆ ಈಗ ಆಗಿರೋದು ಅದೇ ತಾನೆ. ಐಟಿಐನಲ್ಲಿ ಕಲಿಸಬೇಕು ಅಂದರೆ ದಾರಿ ಬೇರೆ, ಕೌಶಲ ತರಬೇತಿ ಕೇಂದ್ರಗಳಲ್ಲಿ ಕಲಿಸೋಕೆ ಬೇರೆ. ಎರಡನೇದನ್ನ ಗೊತ್ತಿದ್ದವರು ಹೇಳಲಿ. ನಾನು ಐಟಿಐ ದಾರಿ ಹೇಳ್ತೀನಿ.

ಐಟಿಐನಲ್ಲಿ ಕಾಸ್ಮೆಟಾಲಜಿ ಅನ್ನೋ ಟ್ರೇಡ್ ಇದೆ. ಹತ್ತನೇ ಕ್ಲಾಸ್ ಪಾಸಾಗಿದ್ದರೆ ಸಾಕು, ಒಂದು ವರ್ಷದ ಕೋರ್ಸ್. ಮುಗಿದ ಮೇಲೆ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್, ಅಂದರೆ ಎನ್‌ಟಿಸಿ ಸಿಗುತ್ತೆ. ಅದರ ಮೇಲೆ ಇನ್ನೊಂದು ವರ್ಷ ಸಿಐಟಿಎಸ್, ಅದು ಬೋಧಕರ ತರಬೇತಿ. ಶಾಲೆ ಮೇಷ್ಟ್ರಿಗೆ ಬಿ.ಎಡ್. ಹೇಗೋ ಐಟಿಐ ಬೋಧಕರಿಗೆ ಇದು ಹಾಗೆ. ಇದಕ್ಕೆ ಸೇರೋಕೆ ಎಐಸಿಇಟಿ ಅಂತ ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೀಬೇಕು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಮಹಿಳೆಯರಿಗಂತಲೇ ಕೇಂದ್ರ ಸರ್ಕಾರದ ಎನ್‌ಎಸ್‌ಟಿಐ, ಅಂದರೆ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ ಇದೆ, ಹಳಬರು ಈಗಲೂ ಅದನ್ನ ಆರ್‌ವಿಟಿಐ ಅಂತಲೇ ಕರೀತಾರೆ. ಕಾಸ್ಮೆಟಾಲಜಿ ಸೀಟು ಯಾವ ಯಾವ ಸಂಸ್ಥೆಯಲ್ಲಿದೆ ಅನ್ನೋದನ್ನ ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ಯಾರೋ ಹೇಳಿದ್ದನ್ನ ನಂಬಿ ಫೀಸು ಕಟ್ಟಬೇಡಿ.

ನಿಮ್ಮ ಆರು ತಿಂಗಳ ಡಿಪ್ಲೊಮಾ ಎನ್‌ಟಿಸಿ ಜಾಗದಲ್ಲಿ ನಿಲ್ಲಲ್ಲ. ಕೇಳೋಕೆ ಬೇಜಾರಾಗುತ್ತೆ, ಆದರೆ ಈಗಲೇ ಗೊತ್ತಾಗಿರಲಿ. ಇಷ್ಟೆಲ್ಲ ಕೆಲಸ ಬರುತ್ತೆ, ಹದಿನಾರರ ಹುಡುಗಿಯರ ಜೊತೆ ಕೂತು ಮತ್ತೆ ಥ್ರೆಡಿಂಗ್ ಕಲೀಬೇಕಾ ಅಂತ ನಿಮಗೆ ಅನ್ನಿಸಬಹುದು. ನನ್ನ ಬ್ಯಾಚ್‌ನಲ್ಲೂ ಮದುವೆಯಾಗಿ ಮಕ್ಕಳಿದ್ದವರು ಇದ್ದರು, ಮುಂಚೆ ಪಾರ್ಲರ್ ನಡೆಸಿದವರೂ ಇದ್ದರು. ಆ ವರ್ಷದಿಂದ ಹೆಚ್ಚು ಪಡೆದವರು ಅವರೇ, ಯಾಕಂದರೆ ಪ್ರತಿ ಪಾಠಕ್ಕೂ ಅವರ ಹತ್ತಿರ ಒಬ್ಬ ಗಿರಾಕಿಯ ಮುಖ ಇತ್ತು.

ಇನ್ನು ಸಿಐಟಿಎಸ್ ಬಗ್ಗೆ. ನನಗೆ ತುಂಬ ಹೇಳಬೇಕು ಅನ್ನಿಸೋದು ಇದರ ಬಗ್ಗೆಯೇ. ಒಟ್ಟು 1200 ಗಂಟೆಯ ಕೋರ್ಸ್. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೋಧನಾ ವಿಧಾನಕ್ಕೇ ಹೋಗುತ್ತೆ: ಲೆಸನ್ ಪ್ಲಾನ್ ಬರೆಯೋದು, ಡೆಮಾನ್‌ಸ್ಟ್ರೇಶನ್ ಪ್ಲಾನ್ ಬರೆಯೋದು, ಸಹಪಾಠಿಗಳ ಮುಂದೆ ನಿಂತು ಪಾಠ ಮಾಡಿ ಅವರಿಂದ ತಪ್ಪು ಹೇಳಿಸ್ಕೊಳ್ಳೋದು. ಕೈಗೆ ಕೆಲಸ ಬಂದರೆ ಕಲಿಸೋಕೂ ಬರುತ್ತೆ ಅನ್ನೋದು ನಿಜ ಅಲ್ಲ. ಅದು ಅರ್ಥ ಆಗೋದು ಅಲ್ಲೇ.

ಥ್ರೆಡಿಂಗನ್ನೇ ತಗೊಳ್ಳಿ. ನೀವು ಮಾತಾಡ್ತಾ ಮಾತಾಡ್ತಾ ಐದು ನಿಮಿಷದಲ್ಲಿ ಎರಡೂ ಹುಬ್ಬು ಮುಗಿಸ್ತೀರಿ. ಅದನ್ನೇ ಡೆಮಾನ್‌ಸ್ಟ್ರೇಶನ್ ಪ್ಲಾನ್‌ನಲ್ಲಿ ಬರೆಯೋಕೆ ಕೂತರೆ ಒಂದೊಂದು ಚಲನೆಗೂ ಒಂದು ಸಾಲು ಬೇಕು, ಪಕ್ಕದಲ್ಲಿ ಅದರ ಮುಖ್ಯ ಅಂಶವನ್ನೂ ಬರೀಬೇಕು. ದಾರ ಎಷ್ಟುದ್ದ? ತುದಿಗಳನ್ನ ಗಂಟು ಹಾಕಿ, ನಡುವೆ ಐದಾರು ಸುತ್ತು ಹೊಸೆದ ಮೇಲೆ ಯಾವ ಬೆರಳುಗಳು ಅಗಲವಾಗಬೇಕು? ಬಲಗೈ ಅಗಲಿಸಿದರೆ ಹೊಸೆತ ಎಡಕ್ಕೆ ಓಡುತ್ತೆ, ಎಡಗೈ ಅಗಲಿಸಿದರೆ ಬಲಕ್ಕೆ. ಹುಡುಗಿಯರು ಎಡವೋದು ಇಲ್ಲೇ, ಎರಡೂ ಕೈ ಒಟ್ಟಿಗೆ ಎಳೀತಾರೆ. ಆಮೇಲೆ ಹೊಸೆತ ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಬರಬೇಕು. ಗಿರಾಕಿ ಒಂದು ಕೈಲಿ ರೆಪ್ಪೆ ಕೆಳಗೆ, ಇನ್ನೊಂದು ಕೈಲಿ ಹಣೆ ಮೇಲೆ ಎಳೆದು ಹಿಡಿದುಕೊಂಡಿರಬೇಕು. ಚರ್ಮ ಸಡಿಲ ಇದ್ದರೆ ದಾರ ಚರ್ಮವನ್ನೇ ಕಚ್ಚುತ್ತೆ. ಇಷ್ಟು ಬಿಡಿಸಿ ಬರೆದ ಮೇಲೆ, ಎದುರಿಗಿರೋ ಹುಡುಗಿಯ ಕೈ ಯಾವ ಸಾಲಿನಲ್ಲಿ ತಪ್ಪಿತು ಅಂತ ನಿಮಗೆ ಕಾಣೋಕೆ ಶುರುವಾಗುತ್ತೆ. ಅಲ್ಲಿವರೆಗೆ "ಹಾಗಲ್ಲ, ಹೀಗೆ ಮಾಡು" ಅಂತ ದಾರ ಕಿತ್ತುಕೊಂಡು ನಾವೇ ಮಾಡಿ ತೋರಿಸ್ತಿರ್ತೀವಿ. ಅವಳು ನೋಡ್ತಾಳೆ, ಕಲಿಯಲ್ಲ.

ನಾನು ಈಗ ಮೊದಲ ವಾರ ಯಾರ ಮುಖಕ್ಕೂ ದಾರ ಮುಟ್ಟಿಸೋಕೆ ಬಿಡಲ್ಲ. ಖಾಲಿ ಗಾಳಿಯಲ್ಲಿ ಕೈ ಆಡಿಸಬೇಕು, ಆಮೇಲೆ ತಮ್ಮ ತಮ್ಮ ಕಾಲಿನ ಕೂದಲ ಮೇಲೆ. ತನ್ನ ಕಾಲಿಗೆ ನೋವಾದಾಗ ಹುಡುಗಿಗೆ ದಾರ ಎಷ್ಟು ಬಿಗಿ ಇರಬೇಕು ಅಂತ ಬೇಗ ತಿಳಿಯುತ್ತೆ. ದಾರದ ತುದಿ ಹಲ್ಲಲ್ಲಿ ಕಚ್ಚಿ ಹಿಡಿಯೋ ಅಭ್ಯಾಸ ಇರೋರಿಗೆ ಮೊದಲ ದಿನವೇ ಅದನ್ನ ಬಿಡಿಸಿ, ಕುತ್ತಿಗೆಗೆ ಹಾಕಿಸ್ತೀನಿ. ನಮ್ಮ ಬಾಯಿಯ ಎಂಜಲು ಇನ್ನೊಬ್ಬರ ಕಣ್ಣಿನ ಹತ್ತಿರ ಹೋಗೋದು ಬೇಡ.

ಥಿಯರಿಯನ್ನ ಹಗುರ ಮಾಡ್ಕೋಬೇಡಿ. ಪಾರ್ಲರ್‌ನಲ್ಲಿ ನಮಗೆ "ಏನು ಮಾಡಬೇಕು" ಗೊತ್ತಿರುತ್ತೆ. ಕ್ಲಾಸಿನಲ್ಲಿ ಹುಡುಗಿಯರು ಕೇಳೋದು "ಯಾಕೆ" ಅಂತ. ಹೇರ್ ಡೈಗೆ 48 ಗಂಟೆ ಮುಂಚೆ ಕಿವಿ ಹಿಂದೆ ಪ್ಯಾಚ್ ಟೆಸ್ಟ್ ಯಾಕೆ? ಡೈಯಲ್ಲಿರೋ ಪಿಪಿಡಿ ಅನ್ನೋ ರಾಸಾಯನಿಕಕ್ಕೆ ಕೆಲವರಿಗೆ ಅಲರ್ಜಿ ಆಗುತ್ತೆ, ಅದು ಹಚ್ಚಿದ ತಕ್ಷಣ ಕಾಣಲ್ಲ, ಒಂದೆರಡು ದಿನ ತಗೊಳ್ಳುತ್ತೆ. ಮುಖ ಊದಿಕೊಂಡು ಆಸ್ಪತ್ರೆ ಸೇರಿದವರೂ ಇದ್ದಾರೆ. ಕಡುಕಪ್ಪು ಬಣ್ಣ ಬರಲಿ ಅಂತ "ಬ್ಲ್ಯಾಕ್ ಮೆಹಂದಿ"ಗೂ ಇದನ್ನೇ ಬೆರೆಸಿ ಕೈಗೆ ಹಚ್ಚೋರಿದ್ದಾರೆ, ಅದನ್ನೂ ಹೇಳಿಕೊಡಬೇಕು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೊಳ್ತಿರೋ ಹುಡುಗಿ ಅಪ್ಪರ್ ಲಿಪ್ ವ್ಯಾಕ್ಸ್ ಮಾಡಿ ಅಂತ ಬಂದರೆ ಮಾಡಬಾರದು, ಮಾತ್ರೆ ನಿಲ್ಲಿಸಿದ ಮೇಲೂ ಆರು ತಿಂಗಳು ಬೇಡ, ಚರ್ಮ ಕಿತ್ತುಬಂದು ಕಲೆ ನಿಲ್ಲುತ್ತೆ. ಸಕ್ಕರೆ ಕಾಯಿಲೆ ಇರೋರ ಪೆಡಿಕ್ಯೂರ್‌ಗೆ ಬ್ಲೇಡ್ ಮುಟ್ಟಿಸಬಾರದು, ನೀರಿನ ಬಿಸಿ ನಾವೇ ನೋಡಬೇಕು. ಅವರ ಪಾದಕ್ಕೆ ಬಿಸಿಯೂ ಗೊತ್ತಾಗದೆ ಇರಬಹುದು, ಗಾಯವೂ ಗೊತ್ತಾಗದೆ ಇರಬಹುದು. ಹೀಗೆ ಒಬ್ಬ ಟೀಚರ್ ಹೇಳಿಕೊಡದೆ ಬಿಟ್ಟದ್ದು ಅವಳ ಬ್ಯಾಚ್‌ನ ಎಲ್ಲ ಹುಡುಗಿಯರ ಕೈಯಿಂದ ಎಷ್ಟೋ ಗಿರಾಕಿಗಳ ಮೈಮೇಲೆ ಹೋಗುತ್ತೆ. ಅದಕ್ಕೇ ಬೋಧಕಿಗೆ ಪ್ರತ್ಯೇಕ ಓದು ಬೇಕು ಅಂತ ನಾನು ಗಟ್ಟಿಯಾಗಿ ಹೇಳೋದು.

ಕೆಲಸದ ಬಗ್ಗೆ: ಕಾಯಂ ಹುದ್ದೆಗೆ ಅರ್ಜಿ ಕರೆಯೋದನ್ನ ಕಾಯಬೇಕು, ಅಲ್ಲಿವರೆಗೆ ಅತಿಥಿ ಬೋಧಕಿಯಾಗಿ ಇರಬೇಕಾಗಬಹುದು. ನಾನೂ ಅತಿಥಿಯೇ.

ಹುಬ್ಬಳ್ಳಿ ಟ್ರೇನರ್ ಉತ್ತರಿಸಿದ್ದು:

ಮೇಲೆ ಅಕ್ಕಾರು ಭಾಳ ಚಲೋ ಬರದಾರ. ನಾ ಇನ್ನೊಂದು ದಾರಿ ಹೇಳ್ತೀನ್ರಿ. ನಿಮ್ಮನ್ನ ಕರದ ಕೇಂದ್ರದವರು ಕೇಳಿದ್ದು ಇದನ್ನೇ ಇರಬೇಕು.

ಪಿಎಂಕೆವಿವೈ ಥರದ ಸರ್ಕಾರಿ ಕೌಶಲ ತರಬೇತಿ ಯೋಜನೆ ಕೇಂದ್ರದಾಗ ಕಲಸಬೇಕಂದ್ರ ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ದ್ದು ಟ್ರೇನರ್ ಸರ್ಟಿಫಿಕೇಟ್ ಬೇಕ್ರಿ. ಅದಕ್ಕ ಟಿಓಟಿ ಅಂತಾರ. ಅದರಾಗ ಎರಡು ಭಾಗ. ಒಂದು ಡೊಮೈನ್, ಅಂದ್ರ ಬ್ಯೂಟಿ ಥೆರಪಿಸ್ಟ್ ಕೆಲಸ ನಿಮಗ ಬರ್ತದೋ ಇಲ್ಲೋ. ಇನ್ನೊಂದು ಪ್ಲಾಟ್‌ಫಾರ್ಮ್, ಅಂದ್ರ ಕಲಸಾಕ ಬರ್ತದೋ ಇಲ್ಲೋ. ಎರಡರಾಗೂ 80 ಪರ್ಸೆಂಟ್ ಬೇಕು. ಕೈಕೆಲಸದಾಗ ಹುಲಿ ಇದ್ದವರೂ ಪ್ಲಾಟ್‌ಫಾರ್ಮ್‌ದಾಗ ಬೀಳ್ತಾರ್ರಿ, ಯಾಕಂದ್ರ ಅಸೆಸರ್ ಮುಂದ ನಿಂತು ಇಡೀ ಕ್ಲಾಸು ತಗೊಂಡು ತೋರಿಸಬೇಕು. ಅನುಭವದ ಪತ್ರ ಕೇಳ್ತಾರ, ನೀವು ಮೊದಲು ಕೆಲಸ ಮಾಡಿದ ಪಾರ್ಲರ್‌ನಿಂದ ಲೆಟರ್‌ಹೆಡ್ ಮ್ಯಾಲೆ ಈಗಲೇ ಬರಸಿ ಇಟ್ಕೋರಿ. ಸರ್ಟಿಫಿಕೇಟ್ ಮ್ಯಾಲೆ ಯಾವ ತಾರೀಖಿನ ತನಕ ನಡೀತದ ಅಂತಿರ್ತದ, ಅದನ್ನೂ ನೋಡ್ರಿ.

ನಿಮ್ಮ ಡಿಪ್ಲೊಮಾ ಗುರ್ತಿಲ್ಲದ್ದಾದ್ರೂ ಆರ್‌ಪಿಎಲ್ ಅಂತ ಐತಿ. ಕೆಲಸ ಮಾಡಿ ಕಲ್ತವರನ್ನ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೂದು. ಮೊದಲು ಅದನ್ನ ವಿಚಾರಸ್ರಿ.

ಇದರ ತೊಂದ್ರಿನೂ ಹೇಳ್ತೀನಿ. ಬ್ಯಾಚ್ ಇದ್ರ ಪಗಾರ, ಬ್ಯಾಚ್ ಮುಗದ್ರ ಮನಿ. ಹಾಜರಿ, ಫೋಟೋ, ರಜಿಸ್ಟರ್ ಅಂತ ಕಾಗದಪತ್ರದ ಕೆಲಸ ಭಾಳ. ಆದ್ರೂ ಹಳ್ಳಿಯಿಂದ ಬಸ್ಸಿನ್ಯಾಗ ಬಂದು ಕಲ್ತ ಹುಡುಗಿ ತನ್ನ ಊರಾಗ ಅಂಗಡಿ ತೆರದು ಪೂಜಿಗೆ ಕರದಾಗ ಆಗೂ ಸಂತೋಷ ಬ್ಯಾರೆನ ಐತ್ರಿ.

ಇನ್ನೊಂದು, ಆರ್‌ಸೆಟಿ, ಅಂದ್ರ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳ ಕಡೆ ಹೋಗ್ರಿ. 1982ರಾಗ ಉಜಿರೆಯೊಳಗ ಶುರುವಾದ ರುಡ್‌ಸೆಟಿ ಮಾದರಿಯೊಳಗ ಈಗ ಜಿಲ್ಲಾ ಜಿಲ್ಲಾಕ್ಕ ಅದಾವು. ಅಲ್ಲೆ ಊಟ ವಸತಿ ಕೊಟ್ಟು ಬ್ಯೂಟಿ ಪಾರ್ಲರ್ ತರಬೇತಿ ಪುಕ್ಕಟೆ ಕೊಡ್ತಾರ, ಹೊರಗಿನ ಅನುಭವಸ್ಥರನ್ನ ಅತಿಥಿಯಾಗಿ ಕರೀತಾರ. ನಿಮಗ ಕ್ಲಾಸು ತಗೊಂಡ ಅನುಭವ ಆಗ್ತದ.

ರಾಣೆಬೆನ್ನೂರು ಪಾರ್ಲರ್:

ಇಬ್ಬರಿಗೂ ತುಂಬ ತುಂಬ ಥ್ಯಾಂಕ್ಸ್. ಇಷ್ಟು ಬಿಡಿಸಿ ಇದುವರೆಗೆ ಯಾರೂ ಹೇಳಿರಲಿಲ್ಲ. ಅಕ್ಕ, ಒಂದೇ ಭಯ. ನಾನು ಓದಿದ್ದೆಲ್ಲ ಕನ್ನಡ ಮೀಡಿಯಂ. ಚರ್ಮದ ಪದರ, ಮಸಾಜ್ ಸ್ಟ್ರೋಕ್‌ಗಳ ಹೆಸರು ಎಲ್ಲ ಇಂಗ್ಲಿಷಲ್ಲಿ ಇರುತ್ತಲ್ಲ. ಮತ್ತೆ ಎರಡು ವರ್ಷ ಅಂಗಡಿ ಮುಚ್ಚೋಕೆ ಮನೇಲಿ ಒಪ್ಪಲ್ಲ.

ತುಮಕೂರು ಐಟಿಐ ಬೋಧಕಿ:

ಹೆಸರುಗಳಿಗೆ ಹೆದರಬೇಡಿ ತಂಗಿ. ನಾನೂ ಕನ್ನಡ ಮೀಡಿಯಮ್ಮೇ. ಎಫ್ಲುರಾಜ್ ಅಂದರೆ ಫೇಶಿಯಲ್ ಶುರುವಿಗೂ ಕೊನೆಗೂ ಅಂಗೈಯಿಂದ ಹಗುರವಾಗಿ ಸವರ್ತೀರಲ್ಲ, ಅದು. ಪೆಟ್ರಿಸಾಜ್ ಅಂದರೆ ಹಿಡಿದು ನಾದೋದು. ಟಪೋಟ್‌ಮೆಂಟ್ ಅಂದರೆ ಬೆರಳ ತುದಿಯಿಂದ ತಟ್ಟೋದು. ಇವು ಮೂರೂ ನಿಮ್ಮ ಕೈಗೆ ಆಗಲೇ ಬರ್ತವೆ. ಭಾರತ್ ಸ್ಕಿಲ್ಸ್ ಜಾಲತಾಣದಲ್ಲಿ ಕಾಸ್ಮೆಟಾಲಜಿ ಪಠ್ಯಕ್ರಮ ಪುಕ್ಕಟೆ ಸಿಗುತ್ತೆ, ಇವತ್ತೇ ತೆಗೆದು ನೋಡಿ. ಕೈಗೆ ಬರೋ ಕೆಲಸದ ಪಕ್ಕ ಪೆನ್ಸಿಲ್ಲಲ್ಲಿ ಗುರುತು ಹಾಕ್ತಾ ಹೋಗಿ, ಉಳಿದದ್ದು ಎಷ್ಟು ಅಂತ ತಿಳಿಯುತ್ತೆ. ಬಹುಶಃ ಎಲೆಕ್ಟ್ರಿಕ್ ಉಪಕರಣಗಳು, ಸ್ಟೆರಿಲೈಸೇಶನ್, ದೇಹರಚನೆ ಇಷ್ಟು ಉಳಿಯಬಹುದು.

ಅಂಗಡಿ ಮುಚ್ಚಬೇಡಿ. ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಹುಬ್ಬಳ್ಳಿಯವರು ಹೇಳಿದ ಆರ್‌ಪಿಎಲ್, ಆಮೇಲೆ ಟಿಓಟಿ ಮುಗಿಸ್ತಿದ್ದೆ. ಅದಕ್ಕೆ ವರ್ಷಗಟ್ಟಲೆ ಬೇಕಿಲ್ಲ, ಕರೆದ ಕೇಂದ್ರಕ್ಕೆ ಮತ್ತೆ ಹೋಗಬಹುದು. ಕಲಿಸೋದೇ ಜೀವನ ಅಂತ ಗಟ್ಟಿಯಾದ ಮೇಲೆ ಹತ್ತಿರದ ಐಟಿಐನಲ್ಲಿ ಕಾಸ್ಮೆಟಾಲಜಿ ಇದೆಯಾ ವಿಚಾರಿಸಿ, ಹಗಲು ಕ್ಲಾಸು, ಸಂಜೆ ಅಂಗಡಿ ಅಂತ ಒಂದು ವರ್ಷ ನಡೆಸಬಹುದು. ಸಿಐಟಿಎಸ್ ವರ್ಷಕ್ಕೆ ಮಾತ್ರ ಊರು ಬಿಡಬೇಕಾಗುತ್ತೆ, ಅಷ್ಟೊತ್ತಿಗೆ ಮಗಳೂ ಸ್ವಲ್ಪ ದೊಡ್ಡವಳಾಗಿರ್ತಾಳೆ.

ಈಗ ನಿಮ್ಮ ಹತ್ತಿರ ಕಲೀತಿರೋ ಹುಡುಗಿಯರಿಗೆ ನಾಳೆ ಯಾವ ಪಾಠ ಇದೆಯೋ ಅದರ ಡೆಮಾನ್‌ಸ್ಟ್ರೇಶನ್ ಪ್ಲಾನ್ ಒಂದು ಹಾಳೆಯಲ್ಲಿ ಬರೆದು ಇಲ್ಲಿ ಹಾಕಿ. ವ್ಯಾಕ್ಸಿಂಗ್ ಆದರೂ ಸರಿ, ಫೇಶಿಯಲ್ ಆದರೂ ಸರಿ. ನಾನು ತಿದ್ದಿ ಕೊಡ್ತೀನಿ.